ಕೆಳಗೆ ನಿಂತು ಆಲಿಸುವವರಿಗೆ

ಗದಗ, ಗುಡ್ಡದ ಮೇಲಿನ ಓಣಿ
ನಿಲುಗಾಳಿ ತಿಂಗಳು, ಆರನೆಯ ದಿನ, ೨೧೯೩

ಸಮಾಜಕಾರ್ಯದ ಪದವಿಗೆ ಓದುತ್ತಿರುವ ನಿಮಗೆ ಅಮೋಗೆಪ್ಪನ ನಮಸ್ಕಾರ.

ನಿಲುಗಾಳಿ ಎಂಬ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ನನಗೆ ಗೊತ್ತು. ಗಾಳಿ ಬೀಸುವುದು ನಿಂತ ದಿನಗಳನ್ನು ನಾವು ಹನ್ನೆರಡು ತಿಂಗಳಿಗೆ ಸೇರಿಸದೆ ಬೇರೆಯಾಗಿ ಇಡುತ್ತೇವೆ. ಆಗ ಕರೆಂಟು ಕೊಡುವ ಗಾಳಿಕಂಬಗಳು ತಿರುಗುವುದಿಲ್ಲ, ದೀಪ ಕಡಿಮೆ, ಕೆಲಸ ಕಡಿಮೆ, ಬರೆಯುವುದಕ್ಕೆ ಪುರುಸೊತ್ತು. ನಾನು ಏಳನೆಯ ಇಯತ್ತೆವರೆಗೆ ಓದಿದವನು, ದಿನಚರಿ ಬಿಟ್ಟು ಬೇರೇನೂ ಬರೆದವನಲ್ಲ. ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಅವು ಹುಟ್ಟುವುದಕ್ಕೆ ನಿಮ್ಮ ಕಾಲದಲ್ಲಿ ಕಾರಣವಿರಲಿಲ್ಲ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆಂದು ನನಗೂ ತಿಳಿಯದು.

ನಾನು ಗಾಳಿಕಂಬ ಹತ್ತಿ ರೆಕ್ಕೆ ರಿಪೇರಿ ಮಾಡುವವನು. ಇದು ಇಬ್ಬರ ಕೆಲಸ. ಒಬ್ಬ ಕಂಬದ ಬುಡದಲ್ಲಿ ಕಣ್ಣು ಮುಚ್ಚಿ ನಿಂತು, ತಿರುಗುವ ರೆಕ್ಕೆಗಳ ಸದ್ದು ಕೇಳಿ, ಯಾವುದು ಬಿರುಕು ಬಿಟ್ಟಿದೆ ಎಂದು ಹೇಳುತ್ತಾನೆ. ಆಮೇಲೆ ಕಂಬ ನಿಲ್ಲಿಸಿ ಇನ್ನೊಬ್ಬ ಹತ್ತುತ್ತಾನೆ. ಕೆಳಗೆ ನಿಂತವನ ಕೆಲಸಕ್ಕೆ ಆಲಿಕೆ ಎನ್ನುತ್ತೇವೆ. ಅದಕ್ಕೆ ಯಂತ್ರಗಳೂ ಇವೆ, ಆದರೆ ನಮ್ಮ ಕಂಬಗಳು ಬಹಳ ಹಳೆಯವು, ಅವುಗಳ ಕೆಮ್ಮು ಯಂತ್ರಗಳಿಗೆ ತಿಳಿಯುವುದಿಲ್ಲ. ನನ್ನ ತಮ್ಮ ಮಾಳಿಂಗನಿಗೆ ತಿಳಿಯುತ್ತಿತ್ತು. ಹಿಂದಿನ ವರ್ಷ ಹಿಂಗಾರಿ ಬಿತ್ತನೆಯ ಹೊತ್ತಿಗೆ ಜ್ವರ ಬಂದು ಅವನು ತೀರಿಕೊಂಡ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಆಮೇಲೆ ನಾನು ಕಂಬ ಹತ್ತಲಿಲ್ಲ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ವರ್ಷ ತುಂಬುವವರೆಗೆ ಯಾರೂ ಸತ್ತವರ ಹೆಸರು ಎತ್ತುವುದಿಲ್ಲ. ಮನೆಯವರ ದುಃಖ ಕೆದಕಬಾರದೆಂಬ ಮರ್ಯಾದೆ. ಎಲ್ಲರೂ ತಪ್ಪದೆ ಪಾಲಿಸಿದರು. ಊಟ ತಂದು ಬಾಗಿಲಲ್ಲಿ ಇಟ್ಟರು, ಮಳೆ ಬೆಳೆ ಮಾತಾಡಿದರು. ಮಾಳಿಂಗ ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳದಾಯಿತು. ನಾನು ಬಾಗಿಲು ಹಾಕಿಕೊಂಡೆ.

ಆಗ ಮಾಬೂಬಿ ಬಂದಳು. ಲಕ್ಷ್ಮೇಶ್ವರದ ಹುಡುಗಿ, ನಿಮ್ಮ ಹಾಗೆ ಸಮಾಜಕಾರ್ಯ ಓದುವವಳು. ನಮ್ಮ ಕಾಲದಲ್ಲಿ ಈ ಪದವಿಗೆ ಕೊನೆಯ ವರ್ಷ ಓಣಿವರ್ಷ. ವಿದ್ಯಾರ್ಥಿ ಒಂದು ಓಣಿಗೆ ಬಂದು ಬಾಡಿಗೆಗೆ ಇರಬೇಕು. ಯಾರನ್ನೂ ನಿಮಗೇನು ಕಷ್ಟ ಎಂದು ಕೇಳಕೂಡದು. ಪ್ರತಿ ಮನೆಗೂ ಹೋಗಿ, ನನಗೊಂದು ವಿದ್ಯೆ ಕಲಿಸಿ ಎಂದು ಕೇಳಬೇಕು. ಕಲಿಸುವವನು ತಲೆ ತಗ್ಗಿಸಬೇಕಿಲ್ಲ, ಕಲಿಸುತ್ತ ಕಲಿಸುತ್ತ ತನ್ನ ಕಷ್ಟ ತಾನೇ ಹೇಳುತ್ತಾನೆ ಎಂಬುದು ಆ ಓದಿನ ನಂಬಿಕೆ. ವರ್ಷದ ಕೊನೆಗೆ ಕಾಲೇಜಿನವರು ಬಂದಾಗ ಪ್ರತಿ ಮನೆಯವರೂ ಹೊಸ್ತಿಲಲ್ಲಿ ನಿಂತು ಏನು ಕಲಿಸಿದೆವೆಂದು ಹೇಳಬೇಕು. ಒಂದು ಮನೆ ಹೇಳದಿದ್ದರೂ ಅವಳ ವರ್ಷ ಹೋಯಿತು.

ನನ್ನ ಬಾಗಿಲಿಗೆ ಬಂದು ಅವಳು ಕೇಳಿದ್ದು, “ಕಾಕಾ, ನನಗ ಆಲಿಕೆ ಕಲಿಸ್ರಿ.”

ಆಲಿಕೆ ನನ್ನದಲ್ಲ, ತಮ್ಮನದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದರೆ ಅವನ ಹೆಸರು ಎತ್ತಬೇಕಿತ್ತು. ನಾನು ಬಾಗಿಲು ಮುಚ್ಚಿದೆ.

ಮರುದಿನ ಸಂಜೆ ಕಟ್ಟೆಯ ಮೇಲೆ ಅವಳ ದನಿ ಕೇಳಿತು. “ತಪ್ಪಾತ್ರಿ ಕಾಕಾ. ನನಗ ಗೊತ್ತಿದ್ದಿಲ್ಲ. ಓಣ್ಯಾಗ ಈಗ ಕಿವ್ಯಾಗ ಹೇಳಿದ್ರು.” ಮತ್ತೆ ಅಂದಳು, “ಇವತ್ತ ಕಸ್ತೂರೆವ್ವ ಆಯಿ ರೊಟ್ಟಿ ಬಡಿಯೋದು ಕಲಿಸಿದ್ರು. ನನ್ನ ರೊಟ್ಟಿ ನೋಡಿ, ಇದು ಯಾವ ದೇಶದ ನಕಾಶಿಬೇ ಅಂದ್ರು.” ಹೇಳಿ ಎದ್ದು ಹೋದಳು. ಆಮೇಲೆ ದಿನಾ ಬಂದಳು. ಒಂದು ಸಲವೂ ಬಾಗಿಲು ಬಡಿಯಲಿಲ್ಲ. ಅಂದು ಯಾರ ಮನೆಯಲ್ಲಿ ಏನು ಕಲಿತೆ, ಏನು ಕೆಡಿಸಿದೆ ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಹೋಗುತ್ತಿದ್ದಳು. ನಾನು ಒಳಗಿನಿಂದ ಕೇಳುತ್ತಿದ್ದೆ. ಸಂಜೆಗೆ ಕಾಯತೊಡಗಿದೆ.

ಕಾರಹುಣ್ಣಿಮೆಯ ಹೊತ್ತಿಗೆ ಅವಳ ಕಾಲೇಜಿನ ಮೇಡಂ ನೋಡಲು ಬಂದರು. ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ, ಇಬ್ಬರ ಮಾತೂ ಕೇಳಿಸಿತು.

“ಈ ಮನಿ ಖಾಲಿ ಐತಿ ಅಂತ ಬರದ ಬಿಡು ಮಾಬೂಬಿ. ನಾ ಸಹಿ ಹಾಕ್ತೀನಿ. ಇದೊಂದ ಮನಿ ಸಲುವಾಗಿ ನಿನ್ನ ವರ್ಷ ಹಾಳಾಗ್ತದ.”

“ಖಾಲಿ ಇಲ್ರೀ ಮೇಡಂ. ಒಳಗ ಕಾಕಾ ಅದಾರ. ಇದ್ದ ಮನಶಾನ್ನ ಇಲ್ಲಂತ ನಾ ಹೆಂಗ ಬರೀಲಿ?”

“ಬಾಗಿಲಾ ತಗೀಲಿಲ್ಲಂದ್ರ?”

“ಇನ್ನೊಂದ ವರ್ಷ ಕುಂದರತೇನ್ರಿ.”

ಮೇಡಂ ಕೂಡ ಕಟ್ಟೆಯ ಮೇಲೆ ಕುಳಿತ ಸದ್ದಾಯಿತು.

ಇದ್ದ ಮನುಷ್ಯ. ಆ ಮಾತು ನನ್ನನ್ನು ಎಬ್ಬಿಸಿತು. ಬಾಗಿಲು ತೆರೆದೆ. “ಆಲಿಕೆ ನನಗ ಬರಂಗಿಲ್ಲವಾ. ಅದು ನಮ್ಮ ಮಾಳಿಂಗಗ ಬರತಿತ್ತು” ಎಂದೆ. ಅವಳು ಸಮಾಧಾನ ಹೇಳಲಿಲ್ಲ. “ಮಾಳಿಂಗಕಾಕಾ ಹೆಂಗ ನಿಂದ್ರತಿದ್ರು? ತೋರಸ್ರಿ” ಎಂದಳು. ಅವನು ಎಡಗೈ ಕಂಬಕ್ಕೆ ಹಚ್ಚಿ, ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತಿದ್ದುದನ್ನು ನಾನು ನಿಂತು ತೋರಿಸಿದೆ. ಅಷ್ಟು ನನಗೆ ನೆನಪಿದೆಯೆಂದು ಆವರೆಗೆ ತಿಳಿದಿರಲಿಲ್ಲ.

ಆಷಾಢದ ಗಾಳಿಯಲ್ಲಿ ಅವಳು ಹಾಗೆಯೇ ನಿಂತು ಆಲಿಸಿ, “ಕೆಂಪು ಪಟ್ಟಿ ರೆಕ್ಕಿ ಸೀಟಿ ಹೊಡ್ಯಾಕತ್ತೈತಿ ಕಾಕಾ!” ಎಂದು ಕೂಗಿದಳು. ಕಂಬ ನಿಲ್ಲಿಸಿ ಹಗ್ಗ ಕಟ್ಟಿಕೊಂಡು ಹತ್ತಿದೆ. ಮೇಲೆ ಬಿರುಕೂ ಇಲ್ಲ, ಏನೂ ಇಲ್ಲ. ಹರಿದ ಗಾಳಿಪಟವೊಂದು ದಾರದ ಸಮೇತ ಸುತ್ತಿಕೊಂಡಿತ್ತು.

“ಗಾಳಿಪಟ ಐತೆವಾ!”

“ಹಂಗಾರ ಸೀಟಿ ಖರೇನ ಇತ್ತಲ್ರಿ!”

ಅಷ್ಟು ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ನಾನು ನಕ್ಕೆ. ಕೆಳಗೆ ಒಬ್ಬರು ನಿಂತಿದ್ದಾರೆಂದರೆ ಮೇಲೆ ಹೋಗಬಹುದು. ಅವರಿಗೆ ಎಲ್ಲ ಸರಿಯಾಗಿ ಕೇಳಿಸಬೇಕೆಂದೇನೂ ಇಲ್ಲ.

ನಿನ್ನೆ ಅವಳ ಪರೀಕ್ಷೆಯಾಯಿತು. ಕಾಲೇಜಿನವರು ಮನೆಯಿಂದ ಮನೆಗೆ ಬಂದರು. ಕಸ್ತೂರೆವ್ವ, “ರೊಟ್ಟಿ ಕಲಿಸೇನಿ, ಆಕಿ ಕಲತಿಲ್ಲ. ಆದ್ರೂ ಪಾಸ್ ಮಾಡ್ರಿ, ಹಸದಾಂವ ನಕಾಶೀನೂ ತಿಂತಾನ” ಎಂದಳು. ಓಣಿಯೆಲ್ಲ ನಕ್ಕಿತು. ನನ್ನ ಹೊಸ್ತಿಲಿಗೆ ಬಂದಾಗ ನಗು ನಿಂತಿತು. ಮಾಬೂಬಿ ನೆಲ ನೋಡುತ್ತಿದ್ದಳು. ನಾನು ಹೇಳಿದೆ, “ನಮ್ಮ ಮನ್ಯಾಗ ಈಕಿ ಆಲಿಕೆ ಕಲತಾಳ್ರಿ. ಕಲಿಸಿದಾಂವ ನನ್ನ ತಮ್ಮ ಮಾಳಿಂಗ.”

ಅವನ ವರ್ಷ ತುಂಬಲು ಇನ್ನೂ ಕೆಲವು ದಿನವಿತ್ತು. ಆಮೇಲೆ ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಮಾಳಿಂಗ ನನ್ನ ಕಟ್ಟಿ ಮ್ಯಾಲ ಕುಂತು ಬಿಸಿ ರೊಟ್ಟಿ ಕದ್ದು ತಿಂತಿದ್ದ” ಎಂದಳು. ಇನ್ನೊಬ್ಬರು ಇನ್ನೊಂದು ಹೇಳಿದರು. ಸಂಜೆಯವರೆಗೂ ಓಣಿಯಲ್ಲಿ ನನ್ನ ತಮ್ಮನ ಹೆಸರು ಓಡಾಡಿತು.

ಮಾಬೂಬಿ ಪಾಸಾದಳು. ಅವಳು ಹೇಳುತ್ತಾಳೆ, ಈ ಓದು ನಿಮ್ಮಂಥವರಿಂದ ಬಂದದ್ದಂತೆ. ನಿಮಗೆ ಓಣಿವರ್ಷವಿಲ್ಲ. ಕಾಲೇಜಿನಿಂದ ಬಸ್ಸು ಹತ್ತಿ ಆಸ್ಪತ್ರೆ, ಕೊಳೆಗೇರಿ, ಅನಾಥಾಶ್ರಮ ಎಂದು ಹೋಗುತ್ತೀರಂತೆ. ಯಾರು ನೀವು, ಏನು ಬೇಕು ಎಂದು ಜನ ಬಾಗಿಲು ಹಾಕಿಕೊಳ್ಳುತ್ತಾರಂತೆ. ಹಾಸ್ಟೆಲಿಗೆ ಮರಳಿ, ಈ ಪದವಿ ಸಾಕು ಎಂದು ನಿಮಗೆ ಅನಿಸುತ್ತದಂತೆ. ಆದರೂ ಬಿಡದೆ ಓದಿದವರಿದ್ದರು. ಇಲ್ಲದಿದ್ದರೆ ನನ್ನ ಕಟ್ಟೆಗೆ ಅವಳು ಬರುತ್ತಿರಲಿಲ್ಲ. ನಿಮ್ಮನ್ನು ನೋಡದ ನಾನು ಅದಕ್ಕಾಗಿ ನಿಮಗೆ ಕೈಮುಗಿಯುತ್ತೇನೆ.

ನನ್ನದೊಂದು ವಿನಂತಿ. ನಿನ್ನೆ ನಿಮ್ಮೆದುರು ಮುಚ್ಚಿಕೊಂಡ ಬಾಗಿಲಿಗೆ ನಾಳೆ ಮತ್ತೆ ಹೋಗಿ. ಬಡಿಯಬೇಡಿ. ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಮಾತಾಡಿ ಬನ್ನಿ. ಆ ಮನೆ ಖಾಲಿಯೆಂದು ಮಾತ್ರ ಬರೆಯಬೇಡಿ.