ಒಂದು ಗೇಣು ಕಡಿಮೆ

ಮಂಗಳವಾರ, ಫೆಬ್ರುವರಿ ೬

...ಹಾಂ, ಆ ಕಮಾನುಗಳ ವಿಷಯ ನಿನ್ನೆ ಅರ್ಧಕ್ಕೇ ನಿಂತಿತು. ಗಾಥಿಕ್. ಕಾಲೇಜಿನಲ್ಲಿ ‘ವರ್ಟಿಕಲ್ ಎಂಫಸಿಸ್’ ಎಂದು ಬರೆದು ಪಾಸಾದೆ. ಅರ್ಥವಾದದ್ದು ಬೀರೂರಿನ ಈ ಹಳೇ ಚರ್ಚಿನಲ್ಲಿ. ಮೈಸೂರಿನ ದೊಡ್ಡ ಚರ್ಚುಗಳ ಮುಂದೆ ಇದು ಕೂಸು. ಆದರೂ ಒಳಗೆ ಕಾಲಿಟ್ಟರೆ ಕತ್ತು ತಾನಾಗಿ ಮೇಲೇಳುತ್ತದೆ. ಮೊನಚು ಕಮಾನು, ಗಾರೆಯ ನುಣುಪು, ಪಡುವಣದ ಬಣ್ಣದ ಗಾಜು... ಬ್ಯೂಟಿಫುಲ್ ಪ್ರಪೋರ್ಷನ್.

ಮರದ ಮುಚ್ಚಿಗೆಯನ್ನು ಗೆದ್ದಲು ತಿಂದಿದೆ. ಶನಿವಾರ ಹೊಸ ಸಾಗುವಾನಿ ಹಲಗೆ ಕೊಯ್ಯುತ್ತಾರೆ, ೧೯೮೬ರ ನನ್ನ ಡ್ರಾಯಿಂಗ್ ಪ್ರಕಾರ. ಆಗ ನಾನು ಡ್ರಾಫ್ಟ್ಸ್‌ಮನ್. ರಜೆಯ ದಿನ ಇಬ್ಬರೂ ಬಂದು ಅಳೆದಿದ್ದೆವು. ಟೇಪಿನ ಸೊನ್ನೆ ತುದಿ ಹಿಡಿದವಳು ನನ್ನ ಹೆಂಡತಿ ಮಲ್ಲಿಕಾಂಬ. ಬಾಗಿಲಿಂದ ಆಲ್ಟರ್ ಹಿಂದಿನ ಗೋಡೆಗೆ ಅರವತ್ತೆರಡು ಅಡಿ ಮೂರಿಂಚು.

ಅವಳು ತೀರಿಹೋಗಿ ಮೂರು ವರ್ಷ. ಫಾದರ್ ‘ಒಮ್ಮೆ ಚೆಕ್ ಮಾಡಿ’ ಎಂದರು. ಕಡೂರಿಂದ ದಿನಾ ಬಸ್ಸು ಹತ್ತಲು ಒಂದು ನೆಪ.

ಗುರುವಾರ, ೮

ಆಲ್ಟರ್ ಹಿಂದಿನ ಗೋಡೆಯ ಮೊಳೆಗೆ ಟೇಪು ಸಿಕ್ಕಿಸಿ ಒಬ್ಬನೇ ಅಳೆದೆ. ಅರವತ್ತಮೂರು ಅಡಿ. ಮತ್ತೆ ಅಳೆದೆ. ಅರವತ್ತಮೂರೇ. ಒಂಬತ್ತಿಂಚು ಹೆಚ್ಚು... ಒಂದು ಗೇಣು! ಸರ್ವಿಸಿನಲ್ಲಿ ಕಾಲಿಂಚು ತಪ್ಪಿದವನಲ್ಲ.

ಆಗಲೂ ಈಗಲೂ ಚರ್ಚು ಗುಡಿಸುವ ರೀತಮ್ಮ ನಕ್ಕರು. “ಅಮ್ಮಾವ್ರು ಗೋಡೆ ಮುಟ್ಟಿರ್ಲಿಲ್ಲ ಕಣ್ರೀ. ಅವತ್ತು ಹೊರಗಾಗಿದ್ರು. ಒಂದು ಗೇಣು ಈಚೆಗೇ ಹಿಡ್ಕೊಂಡು ನಿಂತಿದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ರೇಗ್ತೀರಂತೆ. ನಮ್ ದೇವ್ರಿಗೆ ಅದೆಲ್ಲಾ ಇಲ್ಲ ಕಣಕ್ಕಾ ಅಂದೆ. ‘ಇಲ್ದೇ ಇರ್ಬೋದು, ಅವನನ್ನ ಕೇಳ್ದೆ ಹೆಂಗೆ ಮುಟ್ಲಿ’ ಅಂದ್ರು.”

ನಮ್ಮಲ್ಲಿ ಮೈಲಿಗೆಯಿಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಮನೆಯಲ್ಲಿ ನನ್ನ ತಾಯಿ ಹಾಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ‘ಹೋಲ್ಡ್ ಇಟ್ ಟೈಟ್’ ಎಂದು ಬಾಗಿಲಿಂದ ಕಿರುಚಿದೆ, ಅಷ್ಟೇ.

ಶುಕ್ರವಾರ, ೯. ಸಂಜೆ ಆರು

ಚರ್ಚಿನ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ. ಹಳೇ ಡ್ರಾಯಿಂಗಿನ ಟ್ರೇಸಿಂಗ್ ಹಾಳೆಯ ಮೇಲಿನ ಅಂಕಿ ಕೆರೆದು ತಿದ್ದಲು ಬ್ಲೇಡು ತಂದಿದ್ದೇನೆ. ತಿದ್ದದಿದ್ದರೆ ನಾಳೆ ಹಲಗೆಯೆಲ್ಲ ಮೋಟು, ಆಲ್ಟರಿನ ನೆತ್ತಿಯ ಮೇಲೆ ಗೇಣಗಲ ಬಯಲು. ತಿದ್ದಿದರೆ ಅವಳು ಬಿಟ್ಟ ಆ ಗೇಣು ಹೋಗುತ್ತದೆ. ಅವಳು ನಿಂತಿದ್ದಕ್ಕೆ ಇನ್ನೆಲ್ಲೂ ಗುರುತಿಲ್ಲ.

ಕೆರೆಯುವ ಮುಂಚೆ ಕಡೆಯ ಸಲ ಅಳೆದೆ. ಅದೇ ಮೊಳೆ.

ಅರವತ್ತೆರಡು ಅಡಿ ಮೂರಿಂಚು.

ಕನ್ನಡಕ ಒರೆಸಿ ನೋಡಿದೆ. ಅಷ್ಟೇ. ಮೊಳೆಯಿಂದ ಜಾರಿದ್ದರೆ ಟೇಪು ಸಡಿಲವಾಗಬೇಕಿತ್ತು. ಬಿಗಿಯಾಗಿದೆ. ಆ ತುದಿ ನೆರಳಲ್ಲಿದೆ, ಇಲ್ಲಿಗೆ ಕಾಣುವುದಿಲ್ಲ. ಗಾಜಿನ ಕೆಂಪು ನೆಲದ ಮೇಲೆ ಅಲ್ಲಿಯವರೆಗೂ ಹೋಗಿ, ಗೋಡೆ ಮುಟ್ಟದೆ ನಿಂತಿದೆ.

“ಮುಟ್ಟು ಕಣೇ ಮಲ್ಲೀ,” ಎಂದೆ. ಮೆಲ್ಲಗೇ ಎಂದೆ. “ಅವನೇನೂ ಅನ್ನಲ್ಲ. ನಾನೂ ಅನ್ನಲ್ಲ.”

ಎಡಗೈಯ ಬೆರಳ ನಡುವೆ ಟೇಪು ಸರಿಯುತ್ತಿದೆ, ಆ ಕಡೆಗೆ. ನಾಲ್ಕಿಂಚು. ಆರು. ಎಂಟು... ಬೆಳಕು ಹೋಗುತ್ತಿದೆ, ಅಂಕಿ ಸರಿಯಾಗಿ