ಟೈಮರ್ ಹಾಕಿ ತೆಗೆದ ಫೋಟೋ

ಜೂನ್ ೧೮

ಮುದ್ದಿನ ಚಿನ್ನೂ,

ಹೇಗಿದ್ದೀಯ? ಹೊಸ ಮನೆ ಒಗ್ಗಿತೇ? ಮದುವೆಯ ಫೋಟೋ ಕಳಿಸುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ದಿನವಿಡೀ ಔಷಧಿ ಅಂಗಡಿಯಲ್ಲಿ ನಿಂತು ಬಂದವಳಿಗೆ ಕಂಪ್ಯೂಟರ್ ಮುಂದೆ ಕೂತರೆ ಕಣ್ಣು ಎಳೆಯುತ್ತದೆ. ಇದು ಒಂದು ಕಾರಣ. ಇನ್ನೊಂದೂ ಇದೆ.

"ನಿನ್ನ ಹಾಗೆ ಬೇರೆಯವ್ರು ನನ್ನನ್ನ ನೋಡ್ತಾರಾ ಅಕ್ಕ? ನೀನೇ ತೆಗೀಬೇಕು" ಎಂದು ನೀನು ಹೇಳಿದಾಗ ಉಬ್ಬಿಹೋದೆ. ಅಲ್ಲಿಯವರೆಗೆ ನಾನು ತೆಗೆದದ್ದು ಬೆಕ್ಕು, ಕಿಟಕಿ, ಮೋಡ. ಮಿಂಚುವ ಬಟ್ಟೆಯ ಫೋಟೋ ತೆಗೆಯುವುದು ಕಷ್ಟವೆಂದು ಪಕ್ಕದ ಮನೆಯಾಕೆಗೆ ನಮ್ಮ ಹೊಳೆಯುವ ಪರದೆ ಸುತ್ತಿ ನಿಲ್ಲಿಸಿ ಅಭ್ಯಾಸ ಮಾಡಿದೆ. "ನನ್ನ ಮದುವೇಲೂ ನನ್ನ ಯಾರೂ ಇಷ್ಟು ಹೊತ್ತು ನೋಡಿರ್ಲಿಲ್ಲ ಕಣೇ" ಎಂದಳು, ಪಾಪ. ಕಪ್ಪು ಬಟ್ಟೆ ಹಾಕಿಕೊಂಡು ಬಾ, ಫೋಟೋದವರು ಹಾಗೇ ಬರುವುದು ಎಂದು ನೀನು ಹೇಳಿದೆ. ನಾನು ಅದನ್ನೂ ನಂಬಿದೆ.

ಮದುವೆಯ ದಿನ ನಿನ್ನ ಅತ್ತೆ ನನ್ನ ಕೈಗೆ ಊಟದ ತಟ್ಟೆ ಕೊಟ್ಟರು. "ಬೆಳಗ್ಗೆಯಿಂದ ನಿಂತೇ ಇದ್ದೀರಲ್ಲಮ್ಮ. ಯಾವ ಸ್ಟುಡಿಯೋದವರು?" ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ: "ಪರಿಚಯದವ್ರು, ಅತ್ತೆ. ಕೆಲಸ ಚೆನ್ನಾಗಿ ಮಾಡ್ತಾರೆ." ಹುಟ್ಟಿದಾಗಿನಿಂದ ನೀನು ನನಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ತಟ್ಟೆಯನ್ನು ಹಾಗೇ ಕೆಳಗಿಟ್ಟೆ. ಆಮೇಲೆ ಕ್ಯಾಮೆರಾ ಕಣ್ಣಿನಿಂದ ತೆಗೆಯಲೇ ಇಲ್ಲ. ಅದರ ಹಿಂದೆ ಅತ್ತರೆ ಯಾರಿಗೂ ಕಾಣುವುದಿಲ್ಲ.

ಗಂಡನನ್ನು ಬಿಟ್ಟು ಬಂದ ಅಕ್ಕ ಇದ್ದಾಳೆಂದು ಗೊತ್ತಾದರೆ ಸಂಬಂಧ ತಪ್ಪುತ್ತದೆಂದು ಹೆದರಿದೆಯಾ? ಒಂದು ಮಾತು ಮೊದಲೇ ಹೇಳಿದ್ದರೆ ನಾನು ಬರುತ್ತಲೇ ಇರಲಿಲ್ಲ. ನನ್ನ ಹಾಗೆ ಯಾರೂ ನೋಡುವುದಿಲ್ಲ ಎಂದು ಕರೆಸಿ, ನಾನು ಯಾರೂ ಅಲ್ಲ ಎಂದುಬಿಟ್ಟೆಯಲ್ಲ. ಇದು ಮೋಸ ಕಣೇ. ಬೇರೆ ಹೆಸರು ನನಗೆ ಸಿಗುತ್ತಿಲ್ಲ.

ಅವತ್ತು ನನ್ನನ್ನು ಉಳಿಸಿದ್ದು ಅಮ್ಮ. ನಮ್ಮ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದು ಫೋಟೋದಲ್ಲಾದರೂ ನಾನೂ ಇರಲಿ ಎಂದು ಟೈಮರ್ ಹಾಕಿ ಓಡಿಬಂದೆ. ಬಂದ ಭರಕ್ಕೆ ತೂರಾಡಿದಾಗ ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಸದ್ಯ, ಇವಳಿಗಾದರೂ ನಾನು ಬೇಕಲ್ಲ ಎನಿಸಿತು. ಅದನ್ನೇ ನೆನೆದು ಇಷ್ಟು ದಿನ ಕಳೆದೆ.

ಫೋಟೋಗಳೆಲ್ಲ ಈ ಪೆನ್‌ಡ್ರೈವ್‌ನಲ್ಲಿವೆ. ನೀನು ನಗುವುದೆಲ್ಲ ಚೆನ್ನಾಗಿ ಬಂದಿದೆ. ಹಾಗೇ ನಗುತ್ತಿರು, ಇಬ್ಬರೂ ನೂರು ಕಾಲ ಚೆನ್ನಾಗಿರಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ ಅಕ್ಕ

ಮರೆತ ಮಾತು: ಆ ಟೈಮರ್ ಫೋಟೋ ಅಮ್ಮ ಕೇಳುತ್ತಿದ್ದಾಳಂತೆ. ಅದೊಂದನ್ನು ಪೆನ್‌ಡ್ರೈವ್‌ಗೆ ಹಾಕಿಲ್ಲ. ಕಾಗದ ಬರೆದು ಮುಗಿಸಿ, ಕಳಿಸುವ ಮುಂಚೆ ಅದನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ಅಂಚಿನಲ್ಲಿ ನಾನು ಅರ್ಧ ಮಾತ್ರ ಇದ್ದೇನೆ. ಅಮ್ಮ ನೇರವಾಗಿ ಕ್ಯಾಮೆರಾ ನೋಡಿ ನಗುತ್ತಿದ್ದಾಳೆ, ತೋಳು ಚಾಚಿ ನನ್ನನ್ನು ಆಚೆ ತಳ್ಳುತ್ತಿದ್ದಾಳೆ. ನನ್ನನ್ನು ಕತ್ತರಿಸಿ ಕಳಿಸೋಣವೆಂದು ಪ್ರಯತ್ನಿಸಿದೆ. ಎಲ್ಲಿ ಕತ್ತರಿಸಿದರೂ ಅಮ್ಮನ ಕೈಯೂ ಹೋಗುತ್ತದೆ. ಫೋಟೋ ಸರಿಯಾಗಿ ಬಂದಿಲ್ಲ ಎಂದು ಅವಳಿಗೆ ಹೇಳಿಬಿಡು.