ಮೂರೂವರೆಗೆ ಹೊತ್ತು ಮುಳುಗುವ ಊರು

ಹೊಸನಗರ
೪-೧೧-೨೦೨೪

ಚಿ. ವಿಮಲನಿಗೆ ಅಕ್ಕ ಯಶೋಧಾ ಮಾಡುವ ಆಶೀರ್ವಾದ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯ, ಸಂತೋಷವಾಯಿತಾ? ಫೋನಿನಲ್ಲಿ ಎರಡು ಮಾತು ಜೋರಾಗಿ ಆಡಿದ್ದಕ್ಕೆ "ಆಕ್ಷೇಪಣೆ ಇದ್ರೆ ಬರವಣಿಗೇಲಿ ಕೊಡಕ್ಕ" ಎಂದು ಇಟ್ಟುಬಿಟ್ಟೆ. ನಾನೇನು ತಾಲೂಕು ಕಚೇರಿಗೆ ಅರ್ಜಿ ಹಿಡಿದು ಬಂದವಳಾ? ನಿವೃತ್ತಿಯಾಗಿ ಎಂಟು ವರ್ಷವಾದರೂ ನಿನಗೆ ಮನೆಯವರೆಲ್ಲ ಇನ್ನೂ ಫೈಲುಗಳೇ. ಬೆರಳು ನೋಯುತ್ತಿದೆ. ಆದರೂ ಬರೆಯುತ್ತೇನೆ.

ಅಚ್ಚಿಗೆ ಹೋಗುವ ಮೊದಲು ನೋಡಲಿ ಎಂದು ನೀನು ಕಳಿಸಿದ ಆತ್ಮಕಥೆಯನ್ನು ಮೊಮ್ಮಗಳು ಶ್ರದ್ಧಾ ನಾಲ್ಕು ದಿನ ಕೂತು ಓದಿ ಹೇಳಿದಳು. ಕಾರ್ಗಲ್ಲಿನ ಶಾಲೆಯಿಂದ ದೆಹಲಿಗೆ ಹೋಗಿದ್ದು, ಐದು ದೇಶ ತಿರುಗಿ ರಾಯಭಾರಿಯಾಗಿದ್ದು, ಯಾವುದರಲ್ಲೂ ಸುಳ್ಳಿಲ್ಲ. ಯುದ್ಧ ಬಿದ್ದ ಊರಿನಿಂದ ನಮ್ಮ ಕೆಲಸಗಾರರನ್ನು ವಿಮಾನ ಹತ್ತಿಸಿದ್ದೂ ನಿಜ. ತೀರ್ಥಹಳ್ಳಿಯ ತುಂಗಮ್ಮನ ಮಗ ರವೀಶ್ ಅದರಲ್ಲೇ ಬಂದವನು. "ಸಾಹೇಬ್ರು ಒಬ್ಬೊಬ್ಬರನ್ನೂ ನಿಲ್ಲಿಸಿ, ಊಟ ಆಯ್ತೇನಪ್ಪಾ ಅಂತ ಕೇಳಿದ್ರು ಯಶೋಧಮ್ಮ" ಎಂದು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತಾನೆ.

ಅಂಥ ನೀನು ಅವ್ವನ ವಿಷಯದಲ್ಲಿ ಬರೆದಿದ್ದೇನು? ಡಿಸೆಂಬರಿನಲ್ಲಿ ನಿನ್ನ ಆ ಚಳಿದೇಶಕ್ಕೆ ಬಂದ ಅವ್ವ, ಅತಿಥಿಗಳ ನಡುವೆ ಮೇಜಿನ ಮುಂದೆ ಕೂತು, ಕಿಟಕಿ ನೋಡಿ, "ಹೊತ್ತು ಮುಳುಗ್ತು" ಎಂದು ತಟ್ಟೆ ಸರಿಸಿದಳಂತೆ. ಎಲ್ಲರೂ ನಕ್ಕರಂತೆ. "ಒಂದು ದೇಶದ ಸೂರ್ಯನ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡ ಏಕೈಕ ಮಹಿಳೆ ನನ್ನ ತಾಯಿ" ಅಂತೆ. ಸಾಗರದ ಬಿಡುಗಡೆ ಸಭೆಯಲ್ಲಿ ಈ ಪುಟವನ್ನೇ ಓದುತ್ತೀಯಂತೆ. ಜನ ನಗಬೇಕಲ್ಲ!

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಇದನ್ನು ನಿನಗೆ ನಾನು ಹೇಳಿಕೊಡಬೇಕಾ? ಆ ಊರಿನಲ್ಲಿ ಮೂರೂವರೆಗೇ ಕತ್ತಲೆ. ನೀನು ಕಚೇರಿಯಿಂದ ಬರುತ್ತಿದ್ದದ್ದು ನಾಲ್ಕಕ್ಕೆ. ನಿನ್ನ ಹೆಂಡತಿ ಕುಮುದಾ ಆಗ ಮಗಳ ಪರೀಕ್ಷೆಗೆಂದು ದೆಹಲಿಯಲ್ಲಿದ್ದಳು. ಮಗ ಬರಲಿ, ಜೊತೆಗೆ ಉಣ್ಣೋಣ ಎಂದು ಅವ್ವ ದಿನವೂ ಕಾದಳು. ಅಡುಗೆಯವನಿಗೆ ಅವಳ ಮಾತು ತಿಳಿಯದು. ನೀನು ಕತ್ತಲಾದ ಮೇಲೆ ಬಂದು, ಫೋನು ಕಿವಿಗಿಟ್ಟುಕೊಂಡೇ ಉಂಡು ಏಳುತ್ತಿದ್ದೆ. ಎದುರಿನ ತಟ್ಟೆ ಬೋರಲಾಗಿದ್ದದ್ದು ನಿನಗೆ ಕಾಣಲಿಲ್ಲ. ನಿನ್ನ ಪುಸ್ತಕದಲ್ಲಿ ಅದು ಒಂದು ದಿನದ ತಮಾಷೆ. ಅವ್ವನಿಗೆ ಹನ್ನೊಂದು ದಿನ. ಇಲ್ಲಿಂದ ಒಯ್ದ ಅವಲಕ್ಕಿಯನ್ನು ಬೆಳಿಗ್ಗೆ ನೀರಿನಲ್ಲಿ ನೆನೆಸಿ ತಿಂದು ದಿನ ದೂಡಿದಳು. ಊರವರ ಹೊಟ್ಟೆ ವಿಚಾರಿಸಿದವನು ಒಂದು ದಿನವಾದರೂ "ಉಂಡ್ಯೇನವ್ವಾ" ಅಂದೆಯಾ?

ವಾಪಸು ಬಂದ ದಿನ ಸಂಜೆ ಐದಕ್ಕೆ, ಬಿಸಿಲಿನಲ್ಲಿ ಕೂತು ಅನ್ನ ಸಾರು ಉಂಡಳು. ಎರಡನೇ ಸಲ ಬಡಿಸಿಕೊಂಡು, "ಇಲ್ಲಿ ಹೊತ್ತು ಎಷ್ಟು ಉದ್ದ ಅಲ್ವೇನೇ" ಎಂದಳು. ಅಷ್ಟೇ ಅವಳ ದೂರು. ಉಳಿದದ್ದನ್ನು ನಾನೇ ಬಿಡಿಸಿ ಬಿಡಿಸಿ ಕೇಳಿದ್ದು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಅವಳು ತೀರಿ ಹನ್ನೆರಡು ವರ್ಷವಾದರೂ ಆಣೆ ಉಳಿಸಿಕೊಂಡಿದ್ದೆ. ನೀನೇ ಮುರಿಸಿದೆ.

ಆ ಪುಟ ಕಿತ್ತು ಹಾಕು. ಇಲ್ಲದಿದ್ದರೆ ಸಾಗರಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ನೀನು ಓದಿ ಮುಗಿಸಿದ ಮೇಲೆ ಎದ್ದು ನಿಲ್ಲುತ್ತೇನೆ. ನನಗೆ ಮೈಕ್ ಬೇಡ, ನಿನಗೆ ಗೊತ್ತು.

ನಿನ್ನ ಅಕ್ಕ,
ಯಶೋಧಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. "ಮುತ್ತಜ್ಜಿ ಬಾಯಿಬಿಟ್ಟು ಕೇಳಬಹುದಿತ್ತಲ್ಲ, ಯಾಕೆ ಕೇಳ್ಲಿಲ್ಲ?" ಎಂದು ಶ್ರದ್ಧಾ ಕೇಳಿದಳು. ಅದರ ಉತ್ತರ ನಿನಗೆ ಬರೆಯುತ್ತಿದ್ದೇನೆ. ಅವ್ವ ಹೊರಟ ದಿನ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈ ಹಿಡಿದು ನಾನೇ ಹೇಳಿದ್ದೆ: "ಅಲ್ಲಿ ದೊಡ್ಡ ದೊಡ್ಡವರು ಬರ್ತಾರೆ. ನಂಗೆ ಇಷ್ಟೊತ್ತಿಗೇ ಊಟ ಆಗ್ಬೇಕು, ಅದಾಗಲ್ಲ ಇದಾಗಲ್ಲ ಅಂತ ಅವನ ಮರ್ಯಾದೆ ಕಳೀಬೇಡ. ಏನೂ ಕೇಳ್ಬೇಡ." ಅವಳು ಕೇಳಲಿಲ್ಲ. ಪುಟ ಕೀಳಬೇಡ. ನಡೆದದ್ದು ನಡೆದಹಾಗೆ ಬರಿ, ನಿನ್ನ ತಪ್ಪಿನ ಕೆಳಗೆ ನನ್ನ ಹೆಸರು ಹಾಕಿ, ನಾನು ಹೇಳಿದ ಈ ಮಾತನ್ನೂ ಬರಿ. ಹದಿನೈದನೇ ತಾರೀಕಿನೊಳಗೆ ಉತ್ತರ ಬರಬೇಕು.